ಚಿಗುರಿದ ಬೇಲಿ

ಡೇನಿಯಲ್ ಡಿಫೋ ಎಂಬ ಆಂಗ್ಲ ಗ್ರಂಥಕರ್ತನು 1719ರಲ್ಲಿ ಪ್ರಕಟಿಸಿದ ರಾಬಿನ್ಸನ್ ಕ್ರೂಸೋನ ಕಥೆಯು ವಾಚಕರಿಗೆ ಪರಿಚಿತವಾದುದೇ. ಹಡಗೊಡೆದು ನಿರ್ಜನ ದ್ವೀಪವನ್ನು ಸೇರಿದ ಆ ನಾವಿಕನು ಕಂಬದಲ್ಲಿ ದಿನಕ್ಕೊಂದು ಕಚ್ಚು ಕೊರೆಯುತ್ತ 28 ವರ್ಷಗಳನ್ನು ಕಳೆದನು. ಸಾಹಸವನ್ನು ಮೆಚ್ಚಿ ಓದುವವರು ಅಲ್ಲಿಯ ಒಂದು ಸಣ್ಣ ಸಂಗತಿಯನ್ನು ಲಕ್ಷಿಸದೆ ಹೋಗುವುದುಂಟು. ಪ್ರಾಣಭಯದಿಂದ ಅವನು ಸುತ್ತಲೂ ನೆಟ್ಟ ಬೇಲಿಯ ಗೂಟಗಳು ಕಾಲಕ್ರಮದಲ್ಲಿ ಬೇರುಬಿಟ್ಟು, ಚಿಗುರಿ, ತೋಪಾದುವು. ಬಿಟ್ಟುಬಂದ ಮನೆಗಾಗಿ ಹಂಬಲಿಸುತ್ತಿದ್ದವನಿಗೆ ಕಾಲಕೆಳಗಿನ ನೆಲವೇ ಮನೆಯಾಗುತ್ತಿದ್ದಿತು.

ಬೆಂಗಳೂರಿನ ದಂಡಿನ ಪ್ರದೇಶದಲ್ಲಿಯೂ ಇಂತಹ ಬೇಲಿಯೊಂದು ಚಿಗುರಿತು. ದಂಡೆಂದರೆ ಸೇನೆ, ಇಂದು ಬೀಡುಬಿಟ್ಟು ನಾಳೆ ನಡೆಯತಕ್ಕದ್ದು. ಆದರೆ 1809ರಲ್ಲಿ ಶ್ರೀರಂಗಪಟ್ಟಣದಿಂದ ಬಂದು ಹಲಸೂರಿನ ಬಳಿ ಇಳಿದ ಆಂಗ್ಲರ ದಂಡು 1947ರವರೆಗೂ ಕದಲಲಿಲ್ಲ. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಈ ಭಾಗವನ್ನು ಅವರು ಬಿಟ್ಟುಕೊಡಲಿಲ್ಲ. ಕವಾಯತಿನ ಬಯಲಿನ ಸುತ್ತ ಇಗರ್ಜಿಗಳೂ ಬಂಗಲೆಗಳೂ ಗುಲಾಬಿಯ ತೋಟಗಳೂ ಎದ್ದುವು. ಅವೆಲ್ಲವೂ ಕಡಲಾಚೆಯ ಮನೆಯ ಪ್ರತಿಬಿಂಬಗಳು.

ಹಂಬಲವು ಒಡೆಯನೊಬ್ಬನ ಸೊತ್ತಲ್ಲ. ಕ್ರೂಸೋನ ಸೇವಕನಾದ ಫ್ರೈಡೆಯು ಬೆಟ್ಟದ ಮೇಲಿಂದ ತನ್ನ ನಾಡನ್ನು ಕಂಡು ಕುಣಿದಾಡಿದಾಗ ಒಡೆಯನ ಮನಸ್ಸಿನಲ್ಲಿ ಹುಟ್ಟಿದುದು ಸಂತೋಷವಲ್ಲ, ಸಂಶಯ! ತನ್ನ ಅಳಲನ್ನು ಪುಟಪುಟವಾಗಿ ಹೇಳಿಕೊಂಡವನು ಪರರ ಹಂಬಲದಲ್ಲಿ ಕೃತಘ್ನತೆಯನ್ನು ಶಂಕಿಸಿದನು. ದಂಡಿನೊಡನೆ ತಮಿಳು ಸೀಮೆಯಿಂದ ಬಂದು ಹಲಸೂರಿನಲ್ಲಿಯೂ, ಆಗ ಬ್ಲಾಕ್‌ಪಲ್ಲಿಯೆನಿಸಿದ್ದ ಇಂದಿನ ಶಿವಾಜಿನಗರದಲ್ಲಿಯೂ ನೆಲಸಿದ ಸಿಪಾಯಿಗಳು, ಕೂಲಿಕಾರರು ತಮ್ಮ ಊರನ್ನು ನೆನೆಯದಿದ್ದರೆ? ಅವರ ನೆನಪು ಗ್ರಂಥವಾಗಲಿಲ್ಲ. ಮನೆಮಾತಾಗಿ, ಗುಡಿಯ ಉತ್ಸವವಾಗಿ ಉಳಿಯಿತು.

ಕ್ರೂಸೋ ಕಡೆಗೆ ಸ್ವದೇಶಕ್ಕೆ ಮರಳಿದನು. ತಾಯಿತಂದೆಗಳು ಗತಿಸಿದ್ದರು, ಮಗನು ಸತ್ತನೆಂದೇ ಎಣಿಸಿ ಅವನಿಗೆ ಪಾಲನ್ನೂ ಇಟ್ಟಿರಲಿಲ್ಲ. ಅಷ್ಟು ಕಾಲ ಹಂಬಲಿಸಿದ ಮನೆಯು ಇರಲೇ ಇಲ್ಲ. ಬೆಂಗಳೂರಿನ ಪೂರ್ವದಲ್ಲಿ ಇದಕ್ಕಿಂತಲೂ ವಿಚಿತ್ರವಾದ ಹಂಬಲವೊಂದಿದ್ದಿತು. ಕೃಷ್ಣರಾಜಪುರದಾಚೆ, ಚಾಮರಾಜ ಒಡೆಯರು 1882ರಲ್ಲಿ ದಯಪಾಲಿಸಿದ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ನರು ವೈಟ್‌ಫೀಲ್ಡನ್ನು ಕಟ್ಟಿಕೊಂಡರು. ಆ ಸಮಾಜದಲ್ಲಿ ಅನೇಕರು ಎಂದೂ ಕಾಣದ ಇಂಗ್ಲೆಂಡನ್ನೇ ‘ಹೋಮ್’ ಎಂದು ಕರೆಯುತ್ತಿದ್ದರು. 1947ರ ತರುವಾಯ ಹಲವರು ಕಡಲನ್ನು ದಾಟಿಯೂ ಹೋದರು. ಅಲ್ಲಿ ಅವರ ಕನಸಿಗೆ ಬಂದ ಊರು ಯಾವುದೆಂದು ಊಹಿಸುವುದು ಕಷ್ಟವಲ್ಲ.

ದ್ವೀಪವನ್ನು ಬಿಡುವ ದಿನ ಕ್ರೂಸೋ ತಾನೇ ಹೊಲಿದ ಆಡಿನ ತೊಗಲಿನ ಟೋಪಿಯನ್ನೂ, ಕೊಡೆಯನ್ನೂ, ಒಂದು ಗಿಣಿಯನ್ನೂ ಹಡಗಿಗೆ ಒಯ್ದನು. ಸೆರೆಯಿಂದ ಬಿಡುಗಡೆಯಾದವನು ಇಂತಹ ಕುರುಹುಗಳನ್ನು ಒಯ್ಯುವುದಿಲ್ಲ. ಮನೆ ಬಿಟ್ಟು ಹೊರಟವನು ಒಯ್ಯುತ್ತಾನೆ.