ಬೇಲಿಯಾಚೆಯ ದನ

ಜುಲೈ 3, ವಿಂಡ್‌ಹುಕ್, ನಮೀಬಿಯಾ. ರಾತ್ರಿ

ಪ್ರವಾಸದ ಟ್ರಕ್ ಸಂಜೆ ನೋಡಿದೆವು. ಬಸ್ಸೂ ಅಲ್ಲ, ಲಾರಿಯೂ ಅಲ್ಲ. ಮೇಲೆ ದೊಡ್ಡ ಕಿಟಕಿಗಳು, ಸೀಟುಗಳು. ಕೆಳಗೆ ಪಕ್ಕದ ಬಾಗಿಲು ತೆರೆದರೆ ಗ್ಯಾಸ್ ಒಲೆ, ಪಾತ್ರೆ, ಡೇರೆ, ಮಡಿಸುವ ಕುರ್ಚಿ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಒಟ್ಟಿಗೆ ಓದಿದ ನಾವು ನಾಲ್ವರು: ಗೌಡ, ಪಾಟೀಲ, ಸುಮ, ನಾನು. ಉಳಿದವರೆಲ್ಲ ನಮ್ಮ ಮಕ್ಕಳ ವಯಸ್ಸಿನವರು. ಡ್ರೈವರ್, ಅಡುಗೆಯವನು ಇಬ್ಬರೂ ಜಿಂಬಾಬ್ವೆಯವರು. ಪಾತ್ರೆ ತೊಳೆಯುವ ಸರದಿಯ ಪಟ್ಟಿಯನ್ನು ಬಾಗಿಲಿಗೇ ಅಂಟಿಸಿದ್ದಾರೆ.

ಗೌಡ ಬರುತ್ತಾನೆಂಬ ನಂಬಿಕೆ ವಿಮಾನ ಹತ್ತುವವರೆಗೂ ಇರಲಿಲ್ಲ. ಬಂದಿದ್ದಾನೆ. ಮಾತಿಲ್ಲ.

ಜುಲೈ 5, ಸೆಸ್ರಿಯೆಮ್

ನಾಲ್ಕೂವರೆಗೆ ಎದ್ದದ್ದು. ಡೇರೆಯ ಜಿಪ್ ಎಳೆಯಲು ಬೆರಳು ಬಗ್ಗಲಿಲ್ಲ, ಅಷ್ಟು ಚಳಿ. ಡೂನ್ 45 ಹತ್ತಿದೆವು. ಸುಮ ಎಲ್ಲರಿಗಿಂತ ಮುಂದೆ. ಪಾಟೀಲ ಅರ್ಧಕ್ಕೆ ಕೂತು, 'ಸೂರ್ಯ ಇಲ್ಲೂ ಕಾಣತಾನ, ನೀವು ಹೋಗ್ರಿ' ಅಂದ.

ಆಮೇಲೆ ಡೆಡ್‌ವ್ಲೇ. ಬಿಳಿ ಜೇಡಿಯ ನೆಲ, ಸುತ್ತ ಕೆಂಪು ಮರಳು, ನಡುವೆ ಕರ್ರಗೆ ಒಣಗಿ ನಿಂತ ಮರಗಳು. ನದಿ ಬರುತ್ತಿದ್ದ ದಾರಿಯನ್ನು ಮರಳು ಮುಚ್ಚಿತು, ಮರ ಸತ್ತಿತು. ನೂರಾರು ವರ್ಷವಾದರೂ ಬಿದ್ದಿಲ್ಲ. ಕೊಳೆಯುವುದಕ್ಕೆ ಬೇಕಾದ ತೇವವೇ ಇಲ್ಲ. ಗೌಡ ಒಂದು ಮರದ ಎದುರು ಬಹಳ ಹೊತ್ತು ನಿಂತ. ಫೋಟೊ ಬೇಡವೆಂದ.

ಜುಲೈ 5, ರಾತ್ರಿ

ತೊಳೆದ ತಟ್ಟೆ ಒರೆಸಲು ಇಲ್ಲಿ ಬಟ್ಟೆ ಕೊಡುವುದಿಲ್ಲ. ಒಂದೇ ಬಟ್ಟೆ ಎಲ್ಲರಿಗೂ ಹೊಟ್ಟೆನೋವು ಹಂಚುತ್ತದೆ ಎಂದು. ಎರಡು ಕೈಯಲ್ಲಿ ಎರಡು ತಟ್ಟೆ ಹಿಡಿದು ಗಾಳಿಯಲ್ಲಿ ಬೀಸಬೇಕು. ಎಲ್ಲರೂ ಒಲೆಯ ಸುತ್ತ ನಿಂತು ಬೀಸುತ್ತೇವೆ. ಗೌಡ ಇವತ್ತು ಬೀಸುತ್ತಾ ನಕ್ಕ. ಎರಡು ವರ್ಷದಲ್ಲಿ ಅವನ ನಗು ಕಂಡ ನೆನಪಿಲ್ಲ. ಸುಮ ನನ್ನ ಕಡೆ ನೋಡಿದಳು, ಏನೂ ಹೇಳಲಿಲ್ಲ.

ಜುಲೈ 7, ಸ್ವಾಕೊಪ್‌ಮುಂಡ್

ಮಂಜು, ಸಮುದ್ರ, ಜರ್ಮನ್ ಬೇಕರಿ. ಹುಡುಗರೆಲ್ಲ ಮರಳುದಿಬ್ಬದಲ್ಲಿ ಜಾರಲು ಹೋದರು. ನಾವು ಊರಾಚೆಯ ಸ್ಮಶಾನಕ್ಕೆ. ಒಂದು ಕಡೆ ಜರ್ಮನರ ಅಮೃತಶಿಲೆ, ಹೂವು, ಹೆಸರು. ಇನ್ನೊಂದು ಕಡೆ ಬರೀ ಮರಳಿನ ಸಣ್ಣ ಗುಪ್ಪೆಗಳು, ಕಣ್ಣು ಹಾಯುವಷ್ಟೂ. ಹೆಸರಿಲ್ಲ. ಇಲ್ಲಿನ ಶಿಬಿರದಲ್ಲಿ ಸತ್ತ ಹೆರೆರೊ ಜನರವು.

ಹೆರೆರೊಗಳಿಗೆ ದನವೇ ಬದುಕು. 1897ರಲ್ಲಿ ರಿಂಡರ್‌ಪೆಸ್ಟ್ ಎಂಬ ದನದ ರೋಗ ಬಂದು ಮಂದೆಗಳನ್ನು ಬಹುಪಾಲು ಮುಗಿಸಿತು. ದನ ಹೋದ ಮೇಲೆ ಸಾಲ. ಸಾಲಕ್ಕೆ ನೆಲ. 1904ರಲ್ಲಿ ಆಳುತ್ತಿದ್ದ ಜರ್ಮನರ ಮೇಲೆ ತಿರುಗಿಬಿದ್ದರು. ಅಲ್ಲಿಂದ 1908ರವರೆಗೆ ನಡೆದದ್ದು ನರಮೇಧ. ಜರ್ಮನ್ ಸರ್ಕಾರ ಆ ಮಾತನ್ನು ಬಾಯಿಬಿಟ್ಟು ಒಪ್ಪಿದ್ದು 2021ರಲ್ಲಿ.

ನಮಗೆ ಕಾಲೇಜಿನಲ್ಲಿ ಹೇಳಿದ್ದು ವಿಜ್ಞಾನಿ ರಾಬರ್ಟ್ ಕಾಕ್ ಕಥೆ ಮಾತ್ರ. 1896ರ ಕೊನೆಗೆ ಕಿಂಬರ್ಲಿಗೆ ಬಂದ, ಸತ್ತ ದನದ ಪಿತ್ತರಸ ಚುಚ್ಚಿ ಬೇರೆ ದನಗಳನ್ನು ಉಳಿಸುವ ದಾರಿ ಹುಡುಕಿದ. ಪರೀಕ್ಷೆಗೆ ಐದು ಅಂಕ. ಈ ಗುಪ್ಪೆಗಳ ಸುದ್ದಿ ಪಠ್ಯದಲ್ಲಿರಲಿಲ್ಲ.

ರೋಗ ಆಫ್ರಿಕಾಕ್ಕೆ ಬಂದದ್ದು 1887ರ ಸುಮಾರಿಗೆ, ಮಸಾವಾ ಬಂದರಿನಲ್ಲಿ ಇಟಲಿಯ ಸೈನ್ಯಕ್ಕೆಂದು ಇಳಿಸಿದ ದನಗಳ ಜೊತೆ. ಭಾರತದ ದನಗಳು ಎನ್ನುತ್ತಾರೆ. ಹತ್ತು ವರ್ಷದಲ್ಲಿ ಖಂಡದ ದಕ್ಷಿಣದ ತುದಿ ಮುಟ್ಟಿತು.

ಊಟ ಸೇರಲಿಲ್ಲ.

ಜುಲೈ 8, ಸ್ಪಿಟ್ಸ್‌ಕೊಪ್ಪೆ

ಬಂಡೆಯ ಬುಡದಲ್ಲಿ ಡೇರೆ. ವೃಶ್ಚಿಕ ನಡುನೆತ್ತಿಯ ಮೇಲೆ. ನಮ್ಮೂರಲ್ಲಿ ಬೇಸಿಗೆಯಲ್ಲಿ ದಕ್ಷಿಣದ ತೆಂಗಿನ ಗರಿಗಳಿಗೆ ತಾಗಿಕೊಂಡಂತೆ ಕಾಣುವ ತ್ರಿಶಂಕು ನಕ್ಷತ್ರ ಇಲ್ಲಿ ಎತ್ತರದಲ್ಲಿದೆ. ಡೇರೆಯೊಳಗೆ ಮಲಗಲು ಯಾರಿಗೂ ಮನಸ್ಸಿಲ್ಲ. ಒಳ್ಳೆಯ ರಾತ್ರಿ.

ಜುಲೈ 10, ಎಟೋಶಾ, ಒಕೌಕುಯೆಯೊ

ಶಿಬಿರದ ಪಕ್ಕದಲ್ಲೇ ನೀರಿನ ಹೊಂಡ, ದೀಪ ಹಾಕಿದ್ದಾರೆ. ಹತ್ತು ಗಂಟೆಗೆ ಕಪ್ಪು ಘೇಂಡಾಮೃಗ ಮರಿಯೊಡನೆ ಬಂತು. ನೂರು ಜನ ಕೂತಿದ್ದರೂ ಉಸಿರಿನ ಸದ್ದಿಲ್ಲ. ನೀರು ಹೀರುವ ಸದ್ದು ಕೇಳಿತು. ಸುಮ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು.

ಗೌಡ ಬೇಗ ಎದ್ದು ಹೋದ. ಹಿಂದೆ ಹೋದೆ. 'ಚೆನ್ನಾಗಿದೆ ಕಣಯ್ಯ. ಆದರೆ ಅದಕ್ಕೆ ನನ್ನಿಂದ ಏನೂ ಆಗಬೇಕಾಗಿಲ್ಲವಲ್ಲ' ಅಂದ. ಏನು ಹೇಳಲಿ? ಮಲಗಿದೆವು.

ಜುಲೈ 12, ರುಂಡು

ಇವತ್ತು ಕೆಂಪು ಗೆರೆ ದಾಟಿದೆವು. ಬೆಳಿಗ್ಗೆಯಿಂದ ರಸ್ತೆಯ ಎರಡೂ ಕಡೆ ತಂತಿಬೇಲಿ, ದೊಡ್ಡ ದೊಡ್ಡ ಫಾರಂಗಳು, ಮನುಷ್ಯರೇ ಇಲ್ಲ. ಮುರುರಾನಿ ಗೇಟು ಬಂತು. ಆಚೆ ಹೋಗುತ್ತಿದ್ದಂತೆ ಬೇಲಿ ಮಾಯ. ಗುಡಿಸಲು, ಮಕ್ಕಳು, ರಸ್ತೆಗೆ ಬರುವ ಆಡು, ಸಜ್ಜೆಯ ಹೊಲ. ಒಂದೇ ದೇಶ, ಗೇಟಿನ ಆಚೆ ಬೇರೆ ಲೋಕ.

ಎದುರುಗಡೆ ದಕ್ಷಿಣಕ್ಕೆ ಹೋಗುವ ಗಾಡಿಗಳ ಸಾಲು. ಪ್ರತಿ ಡಿಕ್ಕಿ ತೆಗೆಸಿ ನೋಡುತ್ತಾರೆ. ಉತ್ತರದ ಹಸಿ ಮಾಂಸ ಗೆರೆ ದಾಟುವಂತಿಲ್ಲ. ಒಬ್ಬ ಮುದುಕಿಯ ಐಸ್ ಡಬ್ಬಿ ಇಳಿಸಿ ಪೊಟ್ಟಣ ಬಿಚ್ಚುತ್ತಿದ್ದರು. ಮಗನ ಮನೆಗೆ ಒಯ್ಯುತ್ತಿದ್ದಳೋ ಏನೋ. ಅವಳು ಜಗಳ ಮಾಡಲಿಲ್ಲ. ಸೆರಗಿನಂತೆ ಹೊದ್ದ ಬಟ್ಟೆ ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಾ ನಿಂತಿದ್ದಳು.

ಈ ಗೆರೆ ಶುರುವಾದದ್ದು 1896ರಲ್ಲಿ, ರಿಂಡರ್‌ಪೆಸ್ಟ್ ತಡೆಯಲು ಜರ್ಮನರು ಇಟ್ಟ ಕಾವಲು ಠಾಣೆಗಳಿಂದ. ರೋಗ ನಿಲ್ಲಲಿಲ್ಲ, ಗೆರೆ ಉಳಿಯಿತು. 1960ರ ದಶಕದಲ್ಲಿ ತಂತಿ ಬಂತು. ಈಗ ಕಾಲುಬಾಯಿ ಜ್ವರದ ಹೆಸರಲ್ಲಿ ನಿಂತಿದೆ. ದಕ್ಷಿಣದ ಮಾಂಸ ಯುರೋಪಿಗೆ ಹೋಗುತ್ತದೆ. ಉತ್ತರದ ರೈತನ ಎತ್ತು ಸ್ವಂತ ರಾಜಧಾನಿಗೂ ಹೋಗದು.

ಉಳಿದವರೆಲ್ಲ ಆಡು ಕತ್ತೆಗಳ ಫೋಟೊ ತೆಗೆಯುತ್ತಿದ್ದಾಗ ಗೌಡ ಕಿಟಕಿಗೆ ಹಣೆ ಹಚ್ಚಿ ದನ ನೋಡುತ್ತಿದ್ದ. ಸಣ್ಣ ದನಗಳು, ಗಟ್ಟಿ ಗೊರಸು. 2022ರ ಚರ್ಮಗಂಟು (ಲಂಪಿ) ರೋಗದಲ್ಲಿ ಅವನ ಹಳ್ಳಿಕಾರ್ ಜೋಡಿ ಹೋಯಿತು. ಜೀವನವಿಡೀ ಊರವರ ದನ ಉಳಿಸಿದವನ ಕೊಟ್ಟಿಗೆಯಲ್ಲೇ. ಅಲ್ಲಿಂದ ದನ ಕಟ್ಟಿಲ್ಲ.

ಜುಲೈ 13, ರುಂಡು

ಸಂತೆಯಲ್ಲಿ ಪಾಟೀಲ ಕೂಗಿದ: 'ಏ, ಇಲ್ಲಿ ಬರ್ರಿ, ಇದು ನಮ್ಮ ಸಜ್ಜಿ ಐತಿ!' ಬೋಸಿಯಲ್ಲಿ ಬೂದುಬಣ್ಣದ ಹಿಟ್ಟು. ಇಲ್ಲಿನವರು ಮಹಂಗು ಅನ್ನುತ್ತಾರೆ, ಗಂಜಿಯಂತೆ ಗಟ್ಟಿಯಾಗಿ ತಿರುವಿ ಉಣ್ಣುತ್ತಾರೆ. ಎರಡು ಕಿಲೊ ಕೊಂಡ. ಸಂಜೆ ಟ್ರಕ್ಕಿನ ಒಲೆಯ ಮುಂದೆ ಕೂತು ಕುದಿನೀರು ಹಾಕಿ ನಾದಿದ. ಮಣೆ ಇಲ್ಲ, ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈಯಲ್ಲಿ ಬಡಿದ. ಅಂಚು ಸೀಳಿತು, ಮತ್ತೆ ಕೂಡಿಸಿದ. ಕಾವಲಿಗೆ ಹಾಕಿ ಮೇಲೆ ನೀರು ಸವರಿದ. ವಿಜಯಪುರದಿಂದ ತಂದ ಶೇಂಗಾ ಚಟ್ನಿಪುಡಿ. ಅಡುಗೆಯವನು ಒಂದು ತಿಂದು ಇನ್ನೊಂದಕ್ಕೆ ಕೈ ಚಾಚಿದ. ಅವರಲ್ಲಿ ರಾಗಿಯೂ ಬೆಳೆಯುತ್ತಾರಂತೆ, ಹಿಟ್ಟು ತಿರುವಿ ಉಣ್ಣುತ್ತಾರಂತೆ. 'ಮುದ್ದೆ' ಎಂದು ಗೌಡ ಕೋಲಿನಿಂದ ತಿರುವುವ ಅಭಿನಯ ಮಾಡಿ ತೋರಿಸಿದ. ಇಬ್ಬರಿಗೂ ಅರ್ಥವಾಯಿತು. ನದಿಯಾಚೆ ಅಂಗೋಲಾದ ಬೆಂಕಿಗಳು.

ಜುಲೈ 14, ಮೊಹೆಂಬೊ ಗಡಿ

ಬೋಟ್ಸ್ವಾನಾ. ಎಲ್ಲರೂ ಇಳಿದು, ಔಷಧಿಯಲ್ಲಿ ನೆನೆಸಿದ ಗೋಣಿಯ ಮೇಲೆ ಶೂ ತುಳಿಯಬೇಕು. ಹಾಕಿಕೊಂಡದ್ದು ಮಾತ್ರವಲ್ಲ, ಚೀಲದಲ್ಲಿರುವ ಶೂ ಕೂಡ. ಟ್ರಕ್ಕಿನ ಚಕ್ರಕ್ಕೂ ಅದೇ ಸ್ನಾನ. ಕೊರಿಯಾದ ಹುಡುಗಿ ಯಾಕೆಂದು ಕೇಳಿದಳು. ಸುಮ ವಿವರಿಸಿದಳು: ಕಾಲುಬಾಯಿ ಜ್ವರದ ವೈರಸ್ಸು ಕಾಡೆಮ್ಮೆಯ ಗಂಟಲಲ್ಲಿ ವರ್ಷಗಟ್ಟಲೆ ಇರುತ್ತದೆ, ಅದಕ್ಕೆ ಏನೂ ಆಗುವುದಿಲ್ಲ, ಪಕ್ಕ ಮೇಯುವ ದನಕ್ಕೆ ಹತ್ತುತ್ತದೆ. ರೋಗ ಪತ್ತೆ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು, ಚೆನ್ನಾಗಿ ಹೇಳುತ್ತಾಳೆ.

ಜುಲೈ 15, ಒಕವಾಂಗೊ

ಮೊಕೊರೊ ದೋಣಿ. ನೀರಿನಿಂದ ನಾಲ್ಕು ಬೆರಳು ಮೇಲೆ ಕೂತಿದ್ದೇವೆ. ಅಂಬಿಗ ಹಿಂದೆ ನಿಂತು ಗಳ ಊರುತ್ತಾನೆ. ಮಳೆ ನಿಂತು ತಿಂಗಳುಗಳಾಗಿವೆ, ನೀರು ಈಗ ಏರುತ್ತಿದೆ: ಅಂಗೋಲಾದ ಬೆಟ್ಟದಲ್ಲಿ ಬೇಸಿಗೆಯಲ್ಲಿ ಸುರಿದದ್ದು ನಡೆದು ನಡೆದು ಈಗ ತಲುಪಿದೆ. ಸಮುದ್ರ ಸೇರುವುದಿಲ್ಲ, ಕಲಹರಿಯ ಮರಳಲ್ಲೇ ಮುಗಿಯುತ್ತದೆ. ನೈದಿಲೆ. ದಂಟು ಮುರಿದು ಅಂಬಿಗ ಗೌಡನಿಗೆ ಕೊಟ್ಟ. ಇಡೀ ದಿನ ಹಿಡಿದಿದ್ದ.

ಜುಲೈ 17, ನಾಟಾ. ರಾತ್ರಿ 11

ಬೆಂಕಿಯ ಮುಂದೆ ಜಗಳ. ದಾರಿಯುದ್ದಕ್ಕೂ ಮತ್ತೆ ತಪಾಸಣೆ, ಮತ್ತೆ ಬೇಲಿ. ಪಾಟೀಲ ಶುರುಮಾಡಿದ. 1958ರ ಕೂಕೆ ಬೇಲಿಯ ಮಾತು: ಬರಗಾಲದಲ್ಲಿ ನೀರಿಗೆ ಹೊರಟ ಸಾವಿರಾರು ವೈಲ್ಡ್‌ಬೀಸ್ಟ್‌ಗಳು ಬೇಲಿಗುಂಟ ಬಿದ್ದು ಸತ್ತವು. 'ಬೇಲಿ ಹಾಕೋರ ದನಕ್ಕ ರಕ್ಷಣೆ, ಉಳಿದೋರದ್ದು ಸಾಯ್ಲಿ, ಇದೇನು ಶಾಸ್ತ್ರ?' ಸುಮ ಬಿಡಲಿಲ್ಲ. 'ಬೇಲಿ ತೆಗೆದ ಮರುವರ್ಷ ಕಾಲುಬಾಯಿ ಬಂದರೆ ದಕ್ಷಿಣದವನೂ ಹೋದ, ಉತ್ತರದವನೂ ಹೋದ. ನಾವೇ ಇದ್ದರೂ ಇದನ್ನೇ ಮಾಡ್ತಿದ್ವಿ. ಲಂಪಿ ಬಂದಾಗ ದನದ ಜಾತ್ರೆ ನಿಲ್ಲಿಸಲಿಲ್ಲವಾ?'

ಲಂಪಿ ಎಂದದ್ದೇ ತಡ, ಎಲ್ಲರೂ ಸುಮ್ಮನಾದೆವು.

ಗೌಡ ಕೊಳ್ಳಿ ಮುಂದಕ್ಕೆ ತಳ್ಳಿ, 'ನೊಣಕ್ಕೆ ಯಾವ ಬೇಲಿ?' ಎಂದ. ಅಷ್ಟೇ.

ಇಬ್ಬರೂ ಸರಿ ಎನಿಸುತ್ತದೆ. ಮುದುಕಿಯ ಪೊಟ್ಟಣ ಕಣ್ಣ ಮುಂದಿದೆ. ನಾನು ಆ ಗೇಟಿನ ಅಧಿಕಾರಿಯಾಗಿದ್ದರೆ ಬಿಚ್ಚಿಸುತ್ತಿದ್ದೆನೇ? ಬಿಚ್ಚಿಸುತ್ತಿದ್ದೆ.

ಜುಲೈ 18, ಕಸಾನೆ

ಚೋಬೆ ನದಿ. ಆನೆಗಳ ಹಿಂಡು ಸೊಂಡಿಲೆತ್ತಿ ಈಜಿ ಸೆಡುಡು ದ್ವೀಪಕ್ಕೆ ಹೋಯಿತು. ಈ ಹುಲ್ಲುಗಾವಲು ಯಾರದೆಂದು ನಮೀಬಿಯಾ, ಬೋಟ್ಸ್ವಾನಾ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೆ ಹೋದವು. 1999ರಲ್ಲಿ ಬೋಟ್ಸ್ವಾನಾಕ್ಕೆ ತೀರ್ಪಾಯಿತು. ಕಬಿನಿ ಹಿನ್ನೀರಿನಲ್ಲಿ ಆನೆ ನೋಡುತ್ತಾ ಬೆಳೆದವಳು ಸುಮ. ಆದರೂ ಅತ್ತಳು.

ಜುಲೈ 19, ಲಿವಿಂಗ್‌ಸ್ಟನ್, ಜಾಂಬಿಯಾ

ಕಜುಂಗುಲಾ ಸೇತುವೆ ದಾಟಿ ಬಂದೆವು. ವಿಕ್ಟೋರಿಯಾ ಜಲಪಾತ ನೋಡಿ ಪೂರ್ತಿ ನೆನೆದೆವು. 1708 ಮೀಟರ್ ಅಗಲ. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ.

ಬರೆಯಬೇಕಾದ್ದು ಸಂಜೆಯದು. ಊರ ಹೊರಗೆ ಟ್ರಕ್ ನಿಂತಾಗ ಒಬ್ಬ ಹುಡುಗ ದನ ಹೊಡೆದುಕೊಂಡು ಬಂದ. ಗೌಡ ಇಳಿದುಹೋದ. ಒಂದು ಕಂದು ಹಸುವಿನ ಮುಂದೆ ನಿಂತು, ಮೊದಲು ಅಂಗೈ ಮೂಸಲು ಕೊಟ್ಟ. ಆಮೇಲೆ ಕುತ್ತಿಗೆಯಿಂದ ಭುಜಕ್ಕೆ, ಭುಜದಿಂದ ಪಕ್ಕೆಗೆ, ಕೆಚ್ಚಲಿನವರೆಗೆ ನಿಧಾನ ಸವರಿದ. ಗಂಟು ಹುಡುಕುತ್ತಿದ್ದ. ಕಣ್ಣಿನ ರೆಪ್ಪೆ ತೆರೆದು ನೋಡಿದ. ವ್ಯಾಪಾರಕ್ಕೆ ಬಂದವನೆಂದು ಹುಡುಗನಿಗೆ ಅನಿಸಿರಬೇಕು. ಮಾರುವುದಿಲ್ಲ ಎಂದು ತಲೆಯಾಡಿಸಿದ.

'ಚರ್ಮ ಶುದ್ಧ ಇದೆ' ಎಂದ ಗೌಡ ಹಿಂದೆ ಬಂದು. ಊರಲ್ಲಿ ಮತ್ತೆ ದನ ಕಟ್ಟುತ್ತೀಯಾ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ.

ಚರ್ಮಗಂಟು ರೋಗವನ್ನು ಮೊದಲು ಗುರುತಿಸಿದ್ದು ಈ ದೇಶದಲ್ಲೇ, 1929ರಲ್ಲಿ. ಭಾರತಕ್ಕೆ ಬಂದದ್ದು 2019ರಲ್ಲಿ. ನಮ್ಮ ಕಡೆಯಿಂದ ಇವರಿಗೆ ಒಂದು ರೋಗ, ಇವರ ಕಡೆಯಿಂದ ನಮಗೆ ಒಂದು. ನಡುವೆ ಎಷ್ಟು ಬೇಲಿ, ಎಷ್ಟು ಸಮುದ್ರ.

ರಿಂಡರ್‌ಪೆಸ್ಟ್ ಭೂಮಿಯಿಂದ ಹೋಯಿತೆಂದು 2011ರಲ್ಲಿ ಘೋಷಿಸಿದರು. ಅದನ್ನು ಓಡಿಸಿದ್ದು ಹಳ್ಳಿಹಳ್ಳಿಗೆ ಹೋಗಿ ದನದ ಕೊರಳಿಗೆ ಚುಚ್ಚಿದ ಲಸಿಕೆ. ಕೆಂಪು ಗೆರೆ ಇನ್ನೂ ಅಲ್ಲೇ ಇದೆ.