ನನ್ನ ಹಿಂದೆ ನಾಲ್ಕು ಕಂಪೆನಿ

ಆರೋಗ್ಯ ವಿಮೆಯಲ್ಲಿ ಪೈಪೋಟಿ ಹೆಚ್ಚಬೇಕು ಎಂದು ವಾದಿಸುವವರಲ್ಲಿ ನಾನೂ ಒಬ್ಬ. 2011ರ ಅಕ್ಟೋಬರಿನಲ್ಲಿ ಪಾಲಿಸಿ ಪೋರ್ಟ್ ಮಾಡುವ ಅವಕಾಶ ಬಂದದ್ದೇ ತಡ, ಮಣಿಪಾಲದ ಗೆಳೆಯರೆದುರು ಅದನ್ನು ಹಾಡಿ ಹೊಗಳಿದ್ದೆ. ಸೇವೆ ಸರಿಯಿಲ್ಲವೋ, ಕಾದು ಕಳೆದ ವರ್ಷಗಳ ಲೆಕ್ಕ ಕೈಬಿಡದೆ ಬೇರೆ ಕಂಪೆನಿಗೆ ಹೋಗಬಹುದು. ಇನ್ನೆಂತ ಬೇಕು ಮಾರಾಯ್ರೆ?

ಈ ವಾದದಲ್ಲಿ ನನ್ನ ಲಾಭ ಎಷ್ಟು ಅಡಗಿದೆ ಎಂಬುದು ಈಚೆಗೆ ಕಾಡುತ್ತಿದೆ. ನವೀಕರಣದ ತಿಂಗಳು ಬಂತೆಂದರೆ ನನಗೆ ಫೋನಿನ ಮೇಲೆ ಫೋನು. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ, ಕ್ಲೇಮು ಮಾಡಿದ್ದಿಲ್ಲ, ಬೇಡದವರಾರು? ಕಾರ್ಕಳದಲ್ಲಿರುವ ಅಮ್ಮನಿಗೆ ಅವೆರಡೂ ಉಂಟು, ಮೊಣಕಾಲು ನೋವು ಬೇರೆ. ಹುಟ್ಟಿದ ವರ್ಷ ಹೇಳಿದ ಕೂಡಲೇ ಫೋನಿನ ಆಚೆಯ ಉತ್ಸಾಹ ಜರ್ರನೆ ಇಳಿಯುತ್ತದೆ. 65 ವರ್ಷದವರೆಗಿನವರಿಗೆ ಪಾಲಿಸಿ ಕೊಟ್ಟರೆ ಸಾಕು ಎಂದಿದ್ದ ನಿಯಮವನ್ನು ವಿಮಾ ಪ್ರಾಧಿಕಾರ 2024ರಲ್ಲಿ ತೆಗೆಯಿತು, ಹಳೆ ಕಾಯಿಲೆಗೆ ಕಾಯುವ ಅವಧಿಯ ಮಿತಿಯನ್ನು ನಾಲ್ಕರಿಂದ ಮೂರು ವರ್ಷಕ್ಕೆ ಇಳಿಸಿತು. ಆದರೂ ಪೋರ್ಟ್ ಅರ್ಜಿ ಒಪ್ಪುವುದು ಬಿಡುವುದು ಹೊಸ ಕಂಪೆನಿಯ ಮರ್ಜಿ. ನನ್ನಂಥವರನ್ನು ಹಿಡಿಯುವುದರಲ್ಲಿ ಎಷ್ಟು ಪೈಪೋಟಿಯೋ, ಅಮ್ಮನಂಥವರಿಂದ ತಪ್ಪಿಸಿಕೊಳ್ಳುವುದರಲ್ಲೂ ಅಷ್ಟೇ.

ಅಮ್ಮನ ಕೈಯಲ್ಲಿರುವುದು ಮಣಿಪಾಲ ಆರೋಗ್ಯ ಕಾರ್ಡು. ಕಾಪುವಿನ ಚಿಕ್ಕಮ್ಮನ ಮನೆಯಲ್ಲೂ ಅದೇ, ದೇವರ ಫೋಟೋದ ಹಿಂದೆ ಕರೆಂಟು ಬಿಲ್ಲಿನ ಜೊತೆ ಸಿಕ್ಕಿಸಿಟ್ಟದ್ದು. ವರ್ಷಕ್ಕೆ ಕೆಲವು ನೂರು ರೂಪಾಯಿ ಕಟ್ಟಿದರೆ ಡಾಕ್ಟರ ಫೀಸು, ರಕ್ತಪರೀಕ್ಷೆ, ಔಷಧಿಯಲ್ಲಿ ರಿಯಾಯಿತಿ. ಕಾರ್ಕಳದ ಡಾ. ಟಿಎಂಎ ಪೈ ರೋಟರಿ ಆಸ್ಪತ್ರೆಯಲ್ಲೂ ನಡೆಯುತ್ತದೆ. ಆದರೆ ಅದು ವಿಮೆಯಲ್ಲ. ಬಿಲ್ಲು ಲಕ್ಷ ದಾಟಿದರೆ ರಿಯಾಯಿತಿ ಕಳೆದು ಉಳಿದದ್ದೆಲ್ಲ ನಮ್ಮ ತಲೆಗೇ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ನಮ್ಮಂಥ ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ಅದೂ ಒಂದೂವರೆ ಲಕ್ಷದ ಒಳಗೆ.

ನೆದರ್ಲೆಂಡ್ಸ್‌ನವರು 2006ರಲ್ಲಿ ಖಾಸಗಿ ಕಂಪೆನಿಗಳ ಪೈಪೋಟಿಗೆ ಲಗಾಮು ಹಾಕಿದರು. ಮೂಲ ಪಾಲಿಸಿ ಕೇಳಿ ಬಂದವರನ್ನು ತಿರುಗಿಸಿ ಕಳಿಸುವಂತಿಲ್ಲ; ಒಂದು ಪಾಲಿಸಿಗೆ ಮೂವತ್ತರವರಿಗೂ ಎಪ್ಪತ್ತರವರಿಗೂ ಒಂದೇ ಪ್ರೀಮಿಯಂ; ರೋಗಿಗಳು ಹೆಚ್ಚಿರುವ ಕಂಪೆನಿಗೆ ಸಾಮಾನ್ಯ ನಿಧಿಯಿಂದ ಪರಿಹಾರ. ಇಲ್ಲಿಯೂ ಹಾಗೇ ಆಗಬೇಕೆಂದು ನಾನು ಭಾಷಣ ಬಿಗಿಯುವುದುಂಟು. ಆದರೆ ನನ್ನ ಪ್ರೀಮಿಯಂ ಏರದೆ ಅದು ಆಗುವ ಕೆಲಸವಲ್ಲ. ಅಮ್ಮನಿಗಾಗಿಯಾದರೆ ಕೊಟ್ಟೇನು. ಕಾಪುವಿನ ಕಡಲಲ್ಲಿ ಬಲೆ ಎಳೆದು ಸೊಂಟ ಹೋದ, ಮುಖ ಪರಿಚಯವೂ ಇಲ್ಲದ ಮುದುಕರೊಬ್ಬರಿಗಾಗಿ? ಕೊಡುತ್ತೇನೆ ಎಂದು ಬಾಯಿ ಹೇಳೀತು. ಕಳೆದ ಸಲ ಪಾಲಿಸಿಗಳ ಪಟ್ಟಿಯನ್ನು ಅತಿ ಅಗ್ಗದ್ದು ಮೇಲೆ ಬರುವಂತೆ ಜೋಡಿಸಿದ್ದು ಮಾತ್ರ ನನ್ನದೇ ಬೆರಳು.