ಬುತ್ತಿಯ ಗಂಟು ಕೊನೆಯವರ ಕೈಯಲ್ಲಿ

ಕಾರ್ತಿಕದ ದೀಪಗಳು ಮುಗಿದು ಮಾರ್ಗಶಿರದ ಇಬ್ಬನಿ ಬೀಳತೊಡಗಿತೆಂದರೆ ತುಮಕೂರಿನ ನಮ್ಮ ಚಾರಣ ಬಳಗದ ಮನೆಗಳಲ್ಲಿ ಭಾನುವಾರದ ಬೆಳಗು ಬೇಗ ಆಗುತ್ತದೆ. ನಾಲ್ಕೂವರೆಗೆಲ್ಲ ಒಲೆ ಹೊತ್ತುತ್ತದೆ. ಒಬ್ಬರ ಮನೆಯಲ್ಲಿ ರೊಟ್ಟಿ, ಇನ್ನೊಬ್ಬರ ಮನೆಯಲ್ಲಿ ಹುಚ್ಚೆಳ್ಳು ಚಟ್ನಿ, ಮತ್ತೊಬ್ಬರ ಮನೆಯಲ್ಲಿ ಅವರೆಕಾಳಿನ ಉಪ್ಪಿಟ್ಟು. ಹಿರಿಯರು ಸ್ನಾನ, ಪೂಜೆ ಮುಗಿಸದೆ ಹೊಸಿಲು ದಾಟುವವರಲ್ಲ. ಮಕ್ಕಳು ಕಂಬಳಿ ಬಿಟ್ಟು ಏಳುವವರಲ್ಲ. ಇವೆರಡರ ನಡುವೆ ಆರಕ್ಕೆ ಹೊರಡಬೇಕಾದ ವ್ಯಾನು ಆರೂವರೆಗೆ ಹೊರಟರೆ ಅದನ್ನು ನಾವು ಸಮಯಪಾಲನೆಯೆಂದೇ ಎಣಿಸುತ್ತೇವೆ. ತಡವಾದುದೂ ಒಂದು ಲೆಕ್ಕಕ್ಕೆ ಒಳ್ಳೆಯದೇ. ನಮ್ಮ ಸೀಮೆಯ ಗುಡ್ಡಗಳಲ್ಲಿ ಕರಡಿ, ಚಿರತೆಗಳ ಸಂಚಾರವುಂಟು. ಬೆಳಕು ಚೆನ್ನಾಗಿ ಹರಿಯುವ ಮೊದಲು ಅಲ್ಲಿ ಕಾಲಿಡುವುದು ಜಾಣತನವಲ್ಲ.

ಈ ಬೆಟ್ಟಗಳನ್ನು ಏರಲು ವರ್ಷದಲ್ಲಿ ಮೂರು, ಮೂರೂವರೆ ತಿಂಗಳು ಮಾತ್ರ ಪ್ರಶಸ್ತ ಕಾಲ. ಹಿಂಗಾರು ಮಳೆ ನಿಲ್ಲುವ ತನಕ ಬಂಡೆಯ ಮೇಲಿನ ಪಾಚಿ ಜಾರುತ್ತದೆ. ಶಿವರಾತ್ರಿ ಕಳೆಯಿತೆಂದರೆ ಅದೇ ಬಂಡೆ ಕಾದ ಹೆಂಚಾಗುತ್ತದೆ. ಒಣಗಿ ನಿಂತ ಮಜ್ಜಿಗೆ ಹುಲ್ಲಿಗೆ ಒಂದು ಕಿಡಿ ಸಾಕು, ಗುಡ್ಡವೇ ಉರಿಯುತ್ತದೆ. ನಡುವಣ ಚಳಿಗಾಲದಲ್ಲಿ ಮಾತ್ರ ಕಲ್ಲು ಒಣಗಿರುತ್ತದೆ, ಬಿಸಿಲು ಹಿತವಾಗಿರುತ್ತದೆ, ದೊಣೆಗಳಲ್ಲಿ ಮಳೆಯ ನೀರು ಇನ್ನೂ ಉಳಿದಿರುತ್ತದೆ. ಬಂಡೆಯ ಪಕ್ಕೆಗೆ ಕಟ್ಟಿದ ಹೆಜ್ಜೇನಿನ ಹುಟ್ಟುಗಳ ಕೆಳಗೆ ಹಾಯುವಾಗ ಮಾತ್ರ ಗದ್ದಲ, ಹೊಗೆ, ಅತ್ತರು ಯಾವುದೂ ಕೂಡದು. ಈ ಕಟ್ಟಳೆಯನ್ನು ನಮ್ಮ ಮಕ್ಕಳು ಶಾಲೆಯ ಪಾಠಕ್ಕಿಂತ ಬೇಗ ಕಲಿತಿದ್ದಾರೆ.

ಬಳಗ ಹುಟ್ಟಿದ್ದು 2012ರ ಚಳಿಗಾಲದಲ್ಲಿ, ಒಂದೇ ಬೀದಿಯ ಐದು ಮನೆಗಳಿಂದ. ಒಬ್ಬರಿಗೆ ಸಕ್ಕರೆ ಕಾಯಿಲೆ, ವೈದ್ಯರು ನಡೆಯಲು ಹೇಳಿದ್ದರು. ಅವರ ಜೊತೆಗೆ ಉಳಿದವರು. ಆರಂಭ ಅಷ್ಟೇ, ಅದರಲ್ಲಿ ಯಾವ ಘನವಾದ ಉದ್ದೇಶವೂ ಇರಲಿಲ್ಲ. ಈಗ ಹದಿನಾರು ಮನೆಗಳಿವೆ. ನಮ್ಮ ಸಮಾಜದವರೇ ಹೆಚ್ಚಾದರೂ ಎದುರು ಸಾಲಿನ ದರ್ಜಿಯವರ ಕುಟುಂಬವಿದೆ, ಅಂಚೆ ಕಚೇರಿಯಿಂದ ನಿವೃತ್ತರಾದ ದಂಪತಿಗಳಿದ್ದಾರೆ. ಚಂದಾ ಇಲ್ಲ, ಅಧ್ಯಕ್ಷರಿಲ್ಲ. ವ್ಯಾನಿನ ಬಾಡಿಗೆಯನ್ನು ತಲೆಗೆ ಇಷ್ಟೆಂದು ಹಂಚಿಕೊಳ್ಳುತ್ತೇವೆ. ಲೆಕ್ಕ ಬರೆಯುವ ಅಕ್ಕನವರೊಬ್ಬರಿದ್ದಾರೆ. ಅವರ ಮುಂದೆ ಒಂದು ರೂಪಾಯಿಯೂ ಆಚೀಚೆಯಾಗದು. ಪತಿಯನ್ನು ಕಳೆದುಕೊಂಡ ಮೇಲೆ ಎರಡು ವರ್ಷ ಮನೆ ಬಿಟ್ಟು ಹೊರಬಾರದಿದ್ದ ಇವರನ್ನು ಮೊದಲ ಸಲ ಹೊರತಂದುದು ಬೆಟ್ಟವಲ್ಲ, ಈ ಲೆಕ್ಕದ ಪುಸ್ತಕ. "ಯಾರಾದರೂ ಬರೆಯಬೇಕಲ್ಲ, ನೀವೇ ಬನ್ನಿ" ಎಂದು ಯಾರೋ ಕೈಗಿತ್ತರು.

ಹೊಸಬರನ್ನು ಮೊದಲು ಕರೆದೊಯ್ಯುವುದು ದೇವರಾಯನದುರ್ಗಕ್ಕೆ. ನಾಮದ ಚಿಲುಮೆಯಲ್ಲಿ ನೀರು ಕುಡಿದು ಏರತೊಡಗಿದರೆ ಮಕ್ಕಳಿಗೂ ಆಯಾಸವೆನಿಸದು. ನೋಡಲು ಪುಟ್ಟ ಬೆಟ್ಟಸಾಲು. ಆದರೆ ಇಲ್ಲಿ ಬಿದ್ದ ಮಳೆ ಎರಡು ದಿಕ್ಕಿಗೆ ಹಂಚಿಹೋಗುತ್ತದೆ. ಜಯಮಂಗಲಿ ಇಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿಂಷೆಯೂ ಇಲ್ಲಿಯೇ ಹುಟ್ಟಿ ತೆಂಕಣಕ್ಕೆ ತಿರುಗಿ, ಮಾರ್ಕೋನಹಳ್ಳಿಯ ಜಲಾಶಯ ತುಂಬಿ, ಮದ್ದೂರಿನ ಬಳಿ ಹರಿದು ಕಾವೇರಿಗೆ ಸೇರುತ್ತದೆ. ಮಳೆಗಾಲದಲ್ಲಿ ಅಕ್ಕಪಕ್ಕ ಬಿದ್ದ ಎರಡು ಹನಿಗಳಲ್ಲಿ ಒಂದು ಆಂಧ್ರಕ್ಕೆ, ಒಂದು ತಮಿಳುನಾಡಿಗೆ! ಇದನ್ನು ಮಕ್ಕಳಿಗೆ ತೋರಿಸಿ ಹೇಳುತ್ತಿದ್ದವರು ನಮ್ಮ ಬಳಗದ ನಿವೃತ್ತ ಮೇಷ್ಟ್ರು. ಈ ಬರಹದ ಉಳಿದ ಭಾಗ ಅವರಿಗೆ ಸಂಬಂಧಿಸಿದ್ದು.

ದೇವರಾಯನದುರ್ಗ ಮಕ್ಕಳ ಬೆಟ್ಟವಾದರೆ ಮಧುಗಿರಿ ದೊಡ್ಡವರನ್ನೂ ಪರೀಕ್ಷಿಸುವ ಬೆಟ್ಟ. ತುಮಕೂರಿನಿಂದ ಕೊರಟಗೆರೆಯ ಮೇಲೆ ಸುಮಾರು 43 ಕಿಲೋಮೀಟರು. ಊರಿಗೆ ಇನ್ನೂ ದೂರವಿರುವಾಗಲೇ ಆ ಏಕಶಿಲೆ ಎದ್ದು ಕಾಣುತ್ತದೆ. ಸಮುದ್ರಮಟ್ಟದಿಂದ 3,930 ಅಡಿ. ಶಿವಗಂಗೆ, ಸಾವನದುರ್ಗಗಳಂತೆ ಇದೂ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಕಲ್ಲಿನ ಸಾಲಿಗೆ ಸೇರಿದ್ದು. ಕ್ಲೋಸ್‌ಪೇಟೆಯೆಂಬುದು ರಾಮನಗರಕ್ಕೆ ಹಿಂದೆ ಇದ್ದ ಹೆಸರು. ಈ ಕಲ್ಲಿನ ವಯಸ್ಸನ್ನು ಸುಮಾರು 250 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅಂಥ ಕಲ್ಲಿನ ಮೇಲೆ ಕೋಟೆಯ ಬಾಗಿಲೊಂದರ ಹಿಂದೆ ಇನ್ನೊಂದು ಬರುತ್ತ ದಾರಿ ಏರುತ್ತದೆ. ಕೆಲವೆಡೆ ಕಡೆದ ಮೆಟ್ಟಿಲು, ಕೆಲವೆಡೆ ಪಾದ ಊರುವಷ್ಟೇ ಗುಳಿ, ಕಡಿದಾದ ಕಡೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಏರುವಾಗ ಉಸಿರು ಸೋಲುತ್ತದೆ, ಇಳಿಯುವಾಗ ಧೈರ್ಯ ಸೋಲುತ್ತದೆ. ಬಂಡೆಯ ಮೇಲೆ ಸಾಸಿವೆಯಂತೆ ಉದುರಿದ ಮರಳುಕಾಳು ಎಂಥ ಪಾದರಕ್ಷೆಯನ್ನೂ ಜಾರಿಸಬಲ್ಲದು. ಕುಳಿತು ಜರುಗುವುದಕ್ಕೆ ನಾವಾರೂ ನಾಚುವುದಿಲ್ಲ.

2016ರ ಡಿಸೆಂಬರಿನಲ್ಲಿ ಈ ಬೆಟ್ಟದಲ್ಲಿ ನಮ್ಮಿಂದ ಒಂದು ತಪ್ಪು ನಡೆಯಿತು. ಮೇಷ್ಟ್ರು ಆಗ ಬಳಗಕ್ಕೆ ಹೊಸಬರು, 64ರ ವಯಸ್ಸು. ನಾವು ಇಪ್ಪತ್ತಮೂರು ಮಂದಿ. ಎರಡನೆಯ ಬಾಗಿಲಿನ ಹತ್ತಿರ ಅವರು ಹಿಂದೆ ಬಿದ್ದರು. "ಮೇಷ್ಟ್ರೇ, ನೀವು ನಿಧಾನವಾಗಿ ಬನ್ನಿ, ಮೇಲೆ ಕಾಯುತ್ತೇವೆ" ಎಂದೆವು. ಮರ್ಯಾದೆಯಿಂದಲೇ ಹೇಳಿದ ಮಾತು. ಆದರೆ ಹೇಳಿದವರು ಅದನ್ನು ಅಲ್ಲಿಯೇ ಮರೆತರು. ಅವರ ನೀರಿನ ಬಾಟಲಿ, ಭಾರವಾಗಬಾರದೆಂದು, ಹುಡುಗನೊಬ್ಬನ ಚೀಲದಲ್ಲಿತ್ತು. ಹುಡುಗ ಎಲ್ಲರಿಗಿಂತ ಮುಂದಿದ್ದ.

ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣ ದೇವಾಲಯದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ ಹಂಚಿದೆವು, ನಗೆ ಹಂಚಿದೆವು. ಊಟ ಮುಗಿಯುತ್ತ ಬಂದಾಗ ಲೆಕ್ಕದ ಅಕ್ಕನವರು ತಲೆ ಎಣಿಸಿದರು: ಇಪ್ಪತ್ತೆರಡು. ಮತ್ತೊಮ್ಮೆ ಎಣಿಸಿದರು. ಆಗ ನಮಗಾದ ಭಯವನ್ನು ಬರೆದು ತಿಳಿಸಲಾರೆವು. ಒಂದು ಕಡೆ ಕಣಿವೆ, ಇನ್ನೊಂದು ಕಡೆ ನುಣುಪಾದ ಬಂಡೆ. ಕೂಗಿದರೆ ಕೂಗು ನಮಗೇ ಮರಳುತ್ತಿತ್ತು. ಇಳಿಯುತ್ತ ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಒಂದು ತಿರುವಿನಲ್ಲಿ, ಕೋಟೆಗೋಡೆಯ ಮೊಳದುದ್ದದ ನೆರಳಿಗೆ ಒತ್ತಿಕೊಂಡು ಅವರು ಕುಳಿತಿದ್ದರು. ಮೀನಖಂಡ ಹಿಡಿದುಕೊಂಡು ಹೆಜ್ಜೆ ಇಡಲಾಗದೆ ಎರಡು ಗಂಟೆಯಿಂದ ಹಾಗೆಯೇ. ತುಟಿ ಒಣಗಿತ್ತು. ನಮ್ಮನ್ನು ಕಂಡು ಅವರು ಮೊದಲು ಕೇಳಿದ್ದು, "ಎಲ್ಲರದೂ ಊಟ ಆಯಿತೇ?" ಎಂದು. ಆ ಪ್ರಶ್ನೆಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನಮಗೆ ಹಗುರವಾಗುತ್ತಿತ್ತು.

ಹಿಂದಿರುಗುವಾಗ ವ್ಯಾನಿನಲ್ಲಿ ಮಾತಿರಲಿಲ್ಲ. ಕೊರಟಗೆರೆ ದಾಟಿದ ಮೇಲೆ ಅಕ್ಕನವರು ಬಾಯಿಬಿಟ್ಟರು: "ಪಂಕ್ತಿಯಲ್ಲಿ ಕೊನೆಯವರ ಎಲೆಗೆ ಬಡಿಸುವ ತನಕ ನಮ್ಮ ಮನೆಗಳಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಬೆಟ್ಟ ಹತ್ತಿದ ಕೂಡಲೇ ಆ ನಡತೆ ಎಲ್ಲಿ ಹೋಯಿತು?" ಯಾರೂ ಉತ್ತರ ಕೊಡಲಿಲ್ಲ. ಮುಂದಿನ ಭಾನುವಾರದಿಂದ ಬಳಗದಲ್ಲಿ ಒಂದು ನಿಯಮ ಬಂದಿತು, ನಮಗಿರುವ ಒಂದೇ ನಿಯಮ: ಬುತ್ತಿಯ ಗಂಟು, ನೀರಿನ ದೊಡ್ಡ ಕ್ಯಾನು ಎರಡೂ ಎಲ್ಲರಿಗಿಂತ ಹಿಂದೆ ನಡೆಯುವವರ ಜೊತೆಯಲ್ಲಿರತಕ್ಕದ್ದು. ಹೊರುವುದಕ್ಕೆ ಇಬ್ಬರು ತರುಣರು ಸರದಿಯ ಮೇಲೆ ಅವರೊಂದಿಗೆ. ಮುಂದೆ ಓಡಿದವರು ಓಡಲಿ, ಹಸಿವಾದಾಗ ಕಾಯಲಿ.

ಎಲ್ಲರಿಗೂ ಇದು ಹಿಡಿಸಿತೆಂದಲ್ಲ. ಬೆಟ್ಟಕ್ಕೆ ಹೋಗುವುದು ತುದಿ ಮುಟ್ಟುವುದಕ್ಕಲ್ಲವೇ ಎಂದು ವಾದಿಸಿದ ನಾಲ್ವರು ಯುವಕರು ಬೇರೆಯಾಗಿ ಹೋಗತೊಡಗಿದರು. ಅವರ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಆ ನಿಯಮ ಬಂದ ಮೇಲೆ ಮಧುಗಿರಿಯ ತುದಿಯನ್ನು ನಾವು ಕಂಡದ್ದು ಎರಡೇ ಸಲ. ಮೂರು ಸಲ ನಡುದಾರಿಯಿಂದ ಹಿಂದಿರುಗಿದ್ದೇವೆ. ಕಾಲಿನಲ್ಲಿ ಕಸುವಿರುವ ಇಪ್ಪತ್ತರ ಹುಡುಗನಿಗೆ ಅದು ಶಿಕ್ಷೆಯೇ. ನಾಲ್ವರಲ್ಲಿ ಇಬ್ಬರು ಮರಳಿ ಬಂದರು, ಇಬ್ಬರು ಬರಲಿಲ್ಲ. ಬಾರದವರ ಮೇಲೆ ನಮಗೆ ಮುನಿಸಿಲ್ಲ. ಅವರಲ್ಲಿ ಒಬ್ಬನ ಮದುವೆಯಲ್ಲಿ ನಾವೆಲ್ಲರೂ ಬಡಿಸಲು ನಿಂತಿದ್ದೆವು.

ಹಿಂದೆ ನಡೆಯುವುದನ್ನು ಮೇಷ್ಟ್ರು ಒಂದು ಪದವಿಯಂತೆ ವಹಿಸಿಕೊಂಡರು. ಮೆಲ್ಲನೆ ನಡೆಯುವ ಮಕ್ಕಳು, ಮಂಡಿನೋವಿನ ತಾಯಂದಿರು ಅವರ ಸುತ್ತ ಸೇರಿದರು. ಸೇರಿದವರಿಗೆ ಕಥೆಯ ಲಾಭ. ಮಧುಗಿರಿಯ ಬಾಗಿಲಿನಲ್ಲಿ ದಣಿವಾರಿಸಿಕೊಳ್ಳುವಾಗ ಅವರು ಕೆಳದಿಯ ವೀರಮ್ಮಾಜಿಯ ವೃತ್ತಾಂತ ಹೇಳುವರು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಆ ರಾಣಿಯನ್ನು ಸೆರೆಯಿಟ್ಟದ್ದು ಈ ದುರ್ಗದಲ್ಲಿಯೇ. ಜಡಿಮಳೆಯ ಮಲೆನಾಡಿನಲ್ಲಿ ಅರಸಾಗಿದ್ದ ಹೆಂಗಸು ಈ ಒಣಬಂಡೆಯ ಮೇಲೆ ನಾಲ್ಕು ವರ್ಷ ಹೇಗೆ ಕಳೆದಳೆಂದು ಕೇಳಿ ಮಕ್ಕಳು ದೊಣೆಯ ನೀರಿನ ಕಡೆ ನೋಡುವರು. 1767ರಲ್ಲಿ ಪೇಶ್ವೆ ಮಾಧವರಾಯನ ಸೇನೆ ಬಂದಾಗ ಆಕೆಗೆ ಬಿಡುಗಡೆಯಾಯಿತು. ಅದೇ ಮನೆತನದ ಚೆನ್ನಮ್ಮಾಜಿ ಹಿಂದೊಮ್ಮೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಿದ್ದಳು. ಮರಾಠರು ಆ ಋಣ ತೀರಿಸಿದರೇ ಎಂದು ಮಕ್ಕಳು ಕೇಳಿದರೆ ಮೇಷ್ಟ್ರು ನಕ್ಕು, "ಅವರು ಬಂದದ್ದು ಹೈದರನ ಮೇಲೆ ಯುದ್ಧಕ್ಕೆ, ಋಣ ದಾರಿಯಲ್ಲಿ ಸಿಕ್ಕಿತು" ಎನ್ನುವರು. ಮುಂದೆ ಓಡಿದವರಿಗೆ ಈ ಕಥೆ ಗೊತ್ತಿಲ್ಲ. ತುದಿಯ ಗಾಳಿ ಮಾತ್ರ ಗೊತ್ತು.

ಬೆಟ್ಟದ ಅಭ್ಯಾಸ ಕೆಳಗಿಳಿದ ಮೇಲೂ ಉಳಿಯಿತು. ಅಂಚೆ ಕಚೇರಿಯ ಹಿರಿಯರು ಆಸ್ಪತ್ರೆಯಲ್ಲಿದ್ದ ಹನ್ನೊಂದು ರಾತ್ರಿ ಯಾರು ಕಾವಲು ಕೂರಬೇಕೆಂಬ ಪಟ್ಟಿಯನ್ನು ಅಕ್ಕನವರು ವ್ಯಾನಿನ ಬಾಡಿಗೆಯ ಪುಸ್ತಕದಲ್ಲಿಯೇ ಬರೆದರು. ಕೊರೋನಾ ಕಾಲದಲ್ಲಿ, 2020ರ ಆ ತಿಂಗಳುಗಳಲ್ಲಿ, ಒಂಟಿಯಾಗಿದ್ದ ಮನೆಗಳ ಬಾಗಿಲಿಗೆ ಹಾಲು, ಸೊಪ್ಪು ಇಟ್ಟು ಬಂದವರು ಸರದಿಯ ಮೇಲೆ ಗಂಟು ಹೊರುವ ಹುಡುಗರೇ. ಬಳಗದ ಮೂಲಕ ಎರಡು ಸಂಬಂಧಗಳೂ ಕೂಡಿವೆ. ಬೆಟ್ಟದಲ್ಲಿ ಒಬ್ಬರ ಸ್ವಭಾವ ಮೂರೇ ಗಂಟೆಯಲ್ಲಿ ತಿಳಿಯುತ್ತದೆ, ಜಾತಕಕ್ಕಿಂತ ಇದು ಮೇಲೆಂದು ನಮ್ಮಲ್ಲಿ ತಾಯಂದಿರು ಪಿಸುಗುಟ್ಟುವುದುಂಟು. ಹೊರಡುವ ಮುನ್ನ ಈಗ ಸ್ವಲ್ಪ ಕಚೇರಿ ಕೆಲಸವೂ ಸೇರಿದೆ. 2024ರ ಆರಂಭದಲ್ಲಿ ಕುಮಾರಪರ್ವತದಲ್ಲಿ ಜನಜಂಗುಳಿಯಾದ ಮೇಲೆ ಅರಣ್ಯ ಇಲಾಖೆ ಚಾರಣದ ದಾರಿಗಳಿಗೆ ಆನ್‌ಲೈನ್ ಮುಂಗಡ ಬುಕಿಂಗ್ ಕ್ರಮ ತಂದಿತು. ದೂರದ ಬೆಟ್ಟಗಳಿಗೆ ಹೋಗುವಾಗ ಕಾಲೇಜು ಓದುವ ಹುಡುಗಿಯೊಬ್ಬಳು ಇದನ್ನೆಲ್ಲ ನೋಡಿಕೊಳ್ಳುತ್ತಾಳೆ, ನಮಗೆ ತಿಳಿಯುವುದಿಲ್ಲ.

ಕಳೆದ ಆಷಾಢದಲ್ಲಿ ಮೇಷ್ಟ್ರಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಬೆಟ್ಟ ಏರಕೂಡದೆಂದು ವೈದ್ಯರು ಖಂಡಿತವಾಗಿ ಹೇಳಿದರು. ಚಳಿಗಾಲ ಬಂದಾಗ ಮಧುಗಿರಿಯ ಮಾತೆತ್ತಲು ನಮಗೆ ಬಾಯಿ ಬರಲಿಲ್ಲ. ಎತ್ತಿದವರು ಅವರೇ. "ನಾನೂ ವ್ಯಾನಿನಲ್ಲಿ ಬರುತ್ತೇನೆ, ಮಲ್ಲೇಶ್ವರನ ಗುಡಿಯ ಹತ್ತಿರ ಕುಳಿತಿರುತ್ತೇನೆ, ನೀವು ಹತ್ತಿ ಬನ್ನಿ" ಎಂದರು. ಕೋಲೂರಿಕೊಂಡು ಬಂದರು. ಬುಡದಲ್ಲಿ ನೆರಳು ನೋಡಿ ಅವರನ್ನು ಕೂರಿಸಿ ನಾವು ಗಂಟು ಎತ್ತಿಕೊಂಡಾಗ, ಹನ್ನೆರಡು ವರ್ಷದ ಒಬ್ಬಳು, "ಎಲ್ಲರಿಗಿಂತ ಹಿಂದೆ ಇರುವವರು ಮೇಷ್ಟ್ರಲ್ಲವೇ?" ಎಂದಳು. ಅಕ್ಕನವರು ಒಂದು ಕ್ಷಣ ನಿಂತು, ಗಂಟನ್ನು ತಂದು ಅವರ ಪಕ್ಕದಲ್ಲಿ ಇಳಿಸಿದರು. ಬೇಡವೆಂದು ಮೇಷ್ಟ್ರು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ನೀರು ಮಾತ್ರ ಒಯ್ದೆವು.

ಅಂದು ಹದಿನೆಂಟು ಮಂದಿ ತುದಿ ಮುಟ್ಟಿ, ಗಾಳಿಗೆ ಮುಖವೊಡ್ಡಿ, ಹಸಿದುಕೊಂಡು ಇಳಿದೆವು. ಇಷ್ಟು ಬೇಗ ನಾವು ಎಂದೂ ಇಳಿದಿರಲಿಲ್ಲ. ಎರಡೂವರೆಗೆ ಗುಡಿಯ ಬಳಿ ಬಂದಾಗ ಮೇಷ್ಟ್ರು ಗಂಟು ಬಿಚ್ಚಿ, ಎಲೆ ಹಾಸಿ, ಎಣಿಸಿ ಇಟ್ಟಿದ್ದರು. ಹತ್ತೊಂಬತ್ತು ಎಲೆ. ತಾವೂ ಒಂದು ತುತ್ತು ಮುಟ್ಟಿರಲಿಲ್ಲ.

ಸಂಕ್ರಾಂತಿಯ ನಂತರದ ಭಾನುವಾರ ದೇವರಾಯನದುರ್ಗಕ್ಕೆಂದು ಮರಳುವ ದಾರಿಯಲ್ಲಿಯೇ ಗೊತ್ತಾಯಿತು. ಅಲ್ಲಿ ಬಹುದೂರ ಮೇಲಿನವರೆಗೂ ರಸ್ತೆಯಿದೆ. ಮೇಷ್ಟ್ರು ವ್ಯಾನಿನಲ್ಲಿಯೇ ಬರಬಹುದು, ನಾವು ಚಿಲುಮೆಯಿಂದ ನಡೆದು ಸೇರಿಕೊಳ್ಳುವುದು. ಆಗ ಹಿಂದಿನ ಸೀಟಿನ ಹುಡುಗನೊಬ್ಬ ತಕರಾರು ತೆಗೆದ: ಮೇಷ್ಟ್ರು ನಮಗಿಂತ ಮೊದಲೇ ಮೇಲೆ ಇರುತ್ತಾರಲ್ಲ, ಹಾಗಾದರೆ ಬುತ್ತಿಯ ಗಂಟು ಯಾರ ಹತ್ತಿರ? ಈ ಬಗ್ಗೆ ಬಳಗದಲ್ಲಿ ಇನ್ನೂ ಚರ್ಚೆ ನಡೆದಿದೆ.